ಜಗಲಿಯ ಮಾತು, ಹೊಳೆಯ ಸಾಕ್ಷಿ

(ಮಳೆಗಾಲಕ್ಕೆ ಮುನ್ನ ನಡೆದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪರಿಸರದ ಸಭೆಗಳಲ್ಲಿ ಮಾತನಾಡುವವರು ಪಶ್ಚಿಮಘಟ್ಟದ ಮಹಿಮೆಯನ್ನು ಹೊಗಳಿ ಆರಂಭಿಸುವುದು ವಾಡಿಕೆ. ನಾನು ನಮ್ಮ ಮನೆಗಳ ಜಗಲಿಯಿಂದ ಆರಂಭಿಸಲು ಇಚ್ಛಿಸುತ್ತೇನೆ. ಮಳೆಗಾಲದ ಸಂಜೆ ನಾಲ್ಕು ಜನ ಕಂಬಳಿ ಕೊಡವಿ ಜಗಲಿಯಲ್ಲಿ ಕುಳಿತರೆಂದರೆ ಅಲ್ಲಿ ಬರುವ ಮಾತುಗಳು ನಿಮಗೆಲ್ಲ ತಿಳಿದವೇ. ಈ ಸಲ ಪಂಚಾಯಿತಿಯಲ್ಲಿ ಯಾರು ಗೆಲ್ಲುತ್ತಾರೆ. ಹಳ್ಳಕ್ಕೆ ಹೊಸನೀರು ಬಂತೇ, ಮೀನು ಹತ್ತಿತೇ. ಹಂದಿ ಯಾರ ಗದ್ದೆಗೆ ಇಳಿಯಿತು, ಯಾರ ಕೋವಿಗೆ ಬಿತ್ತು. ಕೊನೆಗೆ, ಅವರು ಯಾವ ಮನೆತನದವರು, ಅವರ ಹಿರಿಯರು ಎಲ್ಲಿಂದ ಬಂದವರು. ರಾಜಕೀಯ, ಮೀನು, ಬೇಟೆ ಮತ್ತು ವಂಶ. ಈ ನಾಲ್ಕರ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಮಲೆನಾಡಿನಲ್ಲಿ ಇರಲಾರ.

ಇವನ್ನು ಹೊತ್ತು ಕಳೆಯುವ ಹರಟೆಯೆಂದು ತಿಳಿದವರಿದ್ದಾರೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆದರೆ ನಮ್ಮ ಮನೆ, ಗದ್ದೆ, ತೋಟಗಳ ಅಳಿವು ಉಳಿವನ್ನು ನಿರ್ಧರಿಸುವ ಒಂದು ಕಾನೂನು ಈ ನಾಲ್ಕೂ ಮಾತುಗಳನ್ನು ಒಂದೇ ಕಡೆ ಕಟ್ಟಿಹಾಕಿದೆ ಎಂಬುದು ಅದನ್ನು ಓದಿದ ಮೇಲೆ ನನಗೆ ತಿಳಿಯಿತು. ಅದು 2006ರ ಅರಣ್ಯ ಹಕ್ಕು ಕಾಯಿದೆ. ಅರ್ಜಿ ಹಾಕಿದವರು ನಮ್ಮಲ್ಲಿ ಅನೇಕರಿದ್ದಾರೆ, ಓದಿದವರು ಕಡಿಮೆ.

ಆ ಕಾಯಿದೆ ಏನು ಹೇಳುತ್ತದೆ? ಪರಿಶಿಷ್ಟ ಪಂಗಡಗಳಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು ಕಾಡಿನಲ್ಲಿ ವಾಸವಾಗಿದ್ದು, ಜೀವನೋಪಾಯಕ್ಕೆ ಕಾಡನ್ನು ಅವಲಂಬಿಸಿದ್ದವರಾಗಿರಬೇಕು. ಒಂದು ತಲೆಮಾರೆಂದರೆ 25 ವರ್ಷ; ಒಟ್ಟು 75 ವರ್ಷ. ಇದು ವಂಶದ ಮಾತಾಯಿತು. ಜಲಮೂಲಗಳ ಮೀನು ಮತ್ತಿತರ ಉತ್ಪನ್ನಗಳ ಮೇಲೆ ಊರಿಗೆ ಸಾಮುದಾಯಿಕ ಹಕ್ಕನ್ನು ಅದು ಕೊಡುತ್ತದೆ. ಇದು ಮೀನಿನ ಮಾತು. ಸಾಂಪ್ರದಾಯಿಕ ಹಕ್ಕುಗಳೆಲ್ಲವನ್ನೂ ಮಾನ್ಯ ಮಾಡುತ್ತ ಬಂದು, ಬೇಟೆಯಾಡುವ ಮತ್ತು ಉರುಳೊಡ್ಡುವ ಹಕ್ಕನ್ನು ಮಾತ್ರ ಹೊರಗಿಡುತ್ತದೆ. ಇದು ಬೇಟೆಯ ಮಾತು. ಇವೆಲ್ಲವನ್ನೂ ಮೊದಲು ವಿಚಾರಿಸಿ ನಿರ್ಣಯ ಮಾಡಬೇಕಾದದ್ದು ಗ್ರಾಮಸಭೆ ಎನ್ನುತ್ತದೆ. ಇದೇ ರಾಜಕೀಯ. ಜಗಲಿಯ ಹರಟೆಗೂ ಈ ಕಾಯಿದೆಯ ಪುಟಗಳಿಗೂ ಇರುವ ದೂರ ನಾವು ತಿಳಿದಷ್ಟಿಲ್ಲ.

ಅಜ್ಜನ ಕಾಗದ

ನನ್ನ ಮನೆಯದೇ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಅಜ್ಜ ಹೆಸರಾಂತ ಈಡುಗಾರ. ಹಳು ನುಗ್ಗಿದ ಹಂದಿಯನ್ನು ಒಂದೇ ಈಡಿಗೆ ಉರುಳಿಸುತ್ತಿದ್ದರೆಂಬುದು ನಮ್ಮ ಮನೆತನದ ದೊಡ್ಡ ಹೆಮ್ಮೆ. ಬಾಲ್ಯದಲ್ಲಿ ಆ ಕತೆಯನ್ನು ನೂರು ಸಲ ಕೇಳಿದ್ದೇನೆ, ಬೆಳೆದ ಮೇಲೆ ನೂರು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಹಂದಿಯ ಗಾತ್ರ ತುಸು ಹೆಚ್ಚಿದೆ.

ಅಜ್ಜನ ಊರು ಇಂದು ಇಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿತು. ಶರಾವತಿಗೆ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಆ ನೀರಿನಡಿ ಸೇರಿತೆಂದ ಮೇಲೆ ನಮ್ಮ ಹುಲ್ಲಿನ ಮನೆಗಳ ಪಾಡೇನು? ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರನ್ನು ಲಾರಿಗಳಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದರು. ಅಲ್ಲಿಂದಾಚೆಗೆ ನಮ್ಮ ಹೆಸರೇ ‘ಮುಳುಗಡೆಯವರು’ ಎಂದಾಯಿತು. ಅವರಿಗೆ ಬಿಟ್ಟುಕೊಟ್ಟ ಜಮೀನು ದಾಖಲೆಯಲ್ಲಿ ಬಹುಪಾಲು ಅರಣ್ಯವಾಗಿಯೇ ಉಳಿಯಿತು. ಅದನ್ನು ಅರಣ್ಯದಿಂದ ಕೈಬಿಡಲು ರಾಜ್ಯ ಸರ್ಕಾರ ಬೇರೆ ಬೇರೆ ಕಾಲದಲ್ಲಿ ಹೊರಡಿಸಿದ ಆದೇಶಗಳು, ಕೇಂದ್ರದ ಅನುಮತಿ ಪಡೆದಿರಲಿಲ್ಲವೆಂಬ ಕಾರಣದಿಂದ 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ಅರಣ್ಯ ಹಕ್ಕಿನ ಅರ್ಜಿ ಹಾಕುವಾಗ ನಮ್ಮ ಬಳಿ ಇದ್ದ ಹಳೆಯ ಕಾಗದ ಒಂದೇ ಒಂದು. ಅದು ಅಜ್ಜನ ಕೋವಿಯ ಪರವಾನಗಿ. ಮೈಸೂರು ಸರ್ಕಾರದ ಮುದ್ರೆ, 1928ರ ತಾರೀಕು, ಮುಳುಗಿದ ಊರಿನ ಹೆಸರು, ಅಜ್ಜನ ಹೆಬ್ಬೆಟ್ಟು. ಕೋವಿ ಎಂದೋ ಹೋಗಿತ್ತು. ಕಾಗದವನ್ನು ಅಜ್ಜಿ ಮದುವೆಯ ಸೀರೆಯ ಮಡಿಕೆಯಲ್ಲಿಟ್ಟು ಉಳಿಸಿದ್ದರು. ಅಜ್ಜನ ಬೇಟೆಯ ಕತೆಗಳನ್ನು ನಂಬದ ಕಚೇರಿ ಈ ಕಾಗದವನ್ನಾದರೂ ನಂಬೀತು ಎಂದು ನಾನು ತಿಳಿದೆ. “ಇದು ನೀವು ಈಗ ಇರುವ ಸರ್ವೆ ನಂಬರಿನದಲ್ಲ” ಎಂಬ ಒಂದು ವಾಕ್ಯದೊಂದಿಗೆ ಅರ್ಜಿ ಹಿಂದಕ್ಕೆ ಬಂತು.

ಕಾಯಿದೆಯ ಪದಗಳನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಸಾಗುವಳಿಯ ಜಮೀನು 2005ರ ಡಿಸೆಂಬರ್ 13ಕ್ಕೆ ಮೊದಲು ಸ್ವಾಧೀನದಲ್ಲಿರಬೇಕು ಎಂದಿದೆ. ಮೂರು ತಲೆಮಾರಿನ ಮಾತು ಬರುವುದು ಕಾಡಿನ ವಾಸ ಮತ್ತು ಅವಲಂಬನೆಯ ಬಗ್ಗೆ. ಒಂದೇ ಸರ್ವೆ ನಂಬರಿನಲ್ಲಿ 75 ವರ್ಷ ಉತ್ತಿರಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ನಿಯಮಗಳಲ್ಲಿ ಸಾಕ್ಷ್ಯಗಳ ಪಟ್ಟಿಯೊಂದಿದೆ. ಹಳೆಯ ಸರ್ಕಾರಿ ದಾಖಲೆ, ಗೆಜೆಟಿಯರ್, ಬಾವಿ, ಸ್ಮಶಾನ ಮತ್ತು ದೇವರ ಬನದಂತಹ ಪುರಾತನ ಗುರುತುಗಳು, ಹಿಂದಿನ ದಾಖಲೆಯಲ್ಲಿ ಹೆಸರಿರುವ ವ್ಯಕ್ತಿಗೆ ಕೊಂಡಿ ಕೂಡಿಸುವ ವಂಶಾವಳಿ, ಅರ್ಜಿದಾರರಲ್ಲದ ಹಿರಿಯರು ಬರೆಸಿಕೊಟ್ಟ ಹೇಳಿಕೆ, ಇವೆಲ್ಲವೂ ಅದರಲ್ಲಿವೆ. ಹೀಗಿದ್ದರೂ ನಮ್ಮ ರಾಜ್ಯದಲ್ಲಿ ಪಾರಂಪರಿಕ ಅರಣ್ಯವಾಸಿಗಳ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ. ತಿರಸ್ಕೃತರಾದವರನ್ನು ತೆರವುಗೊಳಿಸಬೇಕೆಂದು 2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯದ ಆದೇಶ ಬಂದಾಗ ಎಷ್ಟು ಮನೆಗಳಲ್ಲಿ ಒಲೆ ಹೊತ್ತಲಿಲ್ಲವೆಂಬುದು ನಿಮಗೆ ನೆನಪಿರಬಹುದು. ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ಬಂತು.

ಇಲ್ಲಿ ನಾವು ನಮ್ಮನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಕಚೇರಿ ನಮ್ಮ ವಂಶವನ್ನು ನಂಬಲಿಲ್ಲವೆಂದು ನೊಂದುಕೊಳ್ಳುವ ನಾವೇ ಜಗಲಿಯಲ್ಲಿ ಕುಳಿತು “ಅವರು ಮೂಲದವರಲ್ಲ, ಘಟ್ಟದ ಕೆಳಗಿನಿಂದ ಕೂಲಿಗೆ ಬಂದವರು” ಎಂದು ಇನ್ನೊಬ್ಬರ ವಂಶವನ್ನು ಅಳೆಯುತ್ತೇವೆ. ಮುಳುಗಡೆಯವರು ಎಂದು ಕರೆಸಿಕೊಂಡ ನನ್ನ ತಂದೆಯವರು ತಮಗಿಂತ ಹತ್ತು ವರ್ಷ ತಡವಾಗಿ ಬಂದವರನ್ನು ‘ವಲಸೆಯವರು’ ಎನ್ನುತ್ತಿದ್ದರು. ಇನ್ನೊಂದು ವಿಚಾರ. ನಾವು ಬರೆಸುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಎಲ್ಲಿದೆ? ಕಾಗದವನ್ನು ಉಳಿಸಿದ ನಮ್ಮ ಅಜ್ಜಿಯ ಹೆಸರು ಆ ವೃಕ್ಷದಲ್ಲಿ ಇರಲಿಲ್ಲ. ಅರ್ಜಿ ತಯಾರಿಸುವ ದಿನ ಮನೆಯಲ್ಲಿ ಯಾರಿಗೂ ಅದು ಕೊರತೆಯಾಗಿ ಕಾಣಲಿಲ್ಲ, ನನಗೂ ಸಹ.

ಕೋವಿಯ ಬಗ್ಗೆ

ಈಗ ಬೇಟೆಯ ವಿಚಾರ. ಅಜ್ಜನ ಕೋವಿಯ ಕಾಗದ ನಮ್ಮ ವಾಸಕ್ಕೆ ಸಾಕ್ಷಿ. ಅದು ನನ್ನ ಬೇಟೆಗೆ ಪರವಾನಗಿಯಲ್ಲ. ಈ ಎರಡನ್ನೂ ನಾವು ಬೆರೆಸಿಬಿಡುತ್ತೇವೆ. “ನಮ್ಮ ಹಿರಿಯರು ಬೇಟೆಯಾಡಿದರು, ಕಾಡು ಖಾಲಿಯಾಯಿತೇ?” ಎಂಬ ಮಾತು ಪ್ರತಿ ಊರಿನಲ್ಲೂ ಕೇಳುತ್ತದೆ. ಹಿರಿಯರ ಕಾಲದಲ್ಲಿ ಕೇಪಿನ ಕೋವಿ ಒಂದು ಊರಿಗೆ ಎರಡೋ ಮೂರೋ ಇದ್ದವು. ಕಾಡು ಅಖಂಡವಾಗಿತ್ತು. ಇಂದು ರಸ್ತೆ, ಕಾಲುವೆ, ವಿದ್ಯುತ್ ಮಾರ್ಗ, ತೋಟಗಳ ನಡುವೆ ಕಾಡು ತುಂಡುತುಂಡಾಗಿದೆ. ಜೀಪಿನ ದೀಪದ ಬೆಳಕಿನಲ್ಲಿ ಹೊಡೆಯುವವನು ಅಜ್ಜನ ಹೆಸರು ಹೇಳುವುದು ಅಜ್ಜನಿಗೆ ಮಾಡುವ ಅವಮಾನ.

ಕಾನೂನಿನ ಸ್ಥಿತಿಯನ್ನೂ ತಿಳಿದಿರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲಿಗೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ಅವಕಾಶ ಇರಿಸಿತ್ತು. 1991ರ ತಿದ್ದುಪಡಿ ಅದನ್ನು ಮುಚ್ಚಿತು. ಪ್ರಾಣಕ್ಕೆ ಎರವಾದಾಗ ಆತ್ಮರಕ್ಷಣೆಗೆ ಕೊಂದರೆ ಅಪರಾಧವಲ್ಲ. ಬೆಳೆಗೆ ಅಪಾಯವಾದಾಗ ಅಧಿಕಾರವುಳ್ಳವರ ಲಿಖಿತ ಆದೇಶ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್ ಅಂತ್ಯದವರೆಗೆ ಮುಂದುವರಿಸಲಾಯಿತು; 2021ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವಂಶ ಮತ್ತು ಹಿಡುವಳಿಯ ಆಧಾರದ ಮೇಲೆ ಆಯುಧ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ ಅದು. ಕಾಡುಪ್ರಾಣಿಯನ್ನು ಹೊಡೆಯುವ ವಿನಾಯಿತಿ ಅಲ್ಲಿಯವರಿಗೂ ಇಲ್ಲ.

ಹಾಗೆಂದು ರೈತನ ಸಂಕಟವನ್ನು ಅಲ್ಲಗಳೆಯಲಾರೆ. ಬತ್ತ ಹಾಲುಗಟ್ಟುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಹಂದಿಯ ಹಿಂಡು ಗದ್ದೆಯನ್ನು ಉರುಳಾಡಿ ಹೋದರೆ, ಕಾಡುಕೋಣ ಅಡಿಕೆಯ ಸಸಿಗಳನ್ನು ತುಳಿದರೆ, ಮಂಗ ಏಲಕ್ಕಿಯ ಸುಳಿ ಕಿತ್ತರೆ, ಪರಿಹಾರದ ಹಣ ಬರುವ ಹೊತ್ತಿಗೆ ಮುಂದಿನ ಬೆಳೆಯೂ ಕಳೆದಿರುತ್ತದೆ. ಚುನಾವಣೆ ಬಂದಾಗಲೆಲ್ಲ ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಬೇಸರವೂ ನಿಜ. ಹಂದಿಗೆ ನೀತಿಸಂಹಿತೆ ಇಲ್ಲವಷ್ಟೆ. ಈ ಸಂಕಟವನ್ನು ಗ್ರಾಮಸಭೆಯಲ್ಲಿ ಎತ್ತಿ ಹೇಳೋಣ. ಪರಿಹಾರದ ಅರ್ಜಿಗಳನ್ನು ಒಟ್ಟಾಗಿ ಹಾಕೋಣ. ಆದರೆ ಉರುಳನ್ನು ಮಾತ್ರ ಬಿಡೋಣ. ಹಂದಿಗೆಂದು ಒಡ್ಡಿದ ತಂತಿಯ ಉರುಳಿಗೆ ಚಿರತೆ ಬೀಳುತ್ತದೆ. ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆಯನ್ನು ಮೇಯಲು ಹೋದ ಹಸು ಕಚ್ಚುತ್ತದೆ. ಬಾಯಿ ಛಿದ್ರವಾದ ಹಸು ನಮ್ಮ ಕೊಟ್ಟಿಗೆಗೆ ನಡೆದು ಬಂದ ದಿನ “ಇದು ಸಂಪ್ರದಾಯ” ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ.

ಹತ್ತುವ ಮೀನು

ಮೀನಿನ ವಿಚಾರಕ್ಕೆ ಬಂದಾಗ ನಾನು ಉಪದೇಶ ಮಾಡುವ ಸ್ಥಾನದಲ್ಲಿಲ್ಲ. ಅದರ ಕಾರಣವನ್ನು ಹೇಳಿಬಿಡುತ್ತೇನೆ.

ಮೃಗಶಿರ, ಆರಿದ್ರಾ ಮಳೆಗಳಲ್ಲಿ ಹಳ್ಳಕ್ಕೆ ಕೆಂಪು ಹೊಸನೀರು ಬಂದಾಗ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. ನಾವು ಅದನ್ನು ಹತ್ತುಮೀನು ಎನ್ನುತ್ತೇವೆ. ಅದು ಹತ್ತುವುದು ಮೊಟ್ಟೆಯಿಡಲು. ಗದ್ದೆಯ ನೀರು ಆಳವಿಲ್ಲದ್ದು, ಸೆಳೆತವಿಲ್ಲದ್ದು, ಮರಿಗೆ ಬೇಕಾದ ಸಣ್ಣ ಜೀವಿಗಳಿಂದ ತುಂಬಿದ್ದು. ದೊಡ್ಡ ಮೀನಿನ ಬಾಯಿಗೆ ಅಲ್ಲಿ ಎಟುಕದು. ಮಳೆ ಇಳಿಯುವ ಹೊತ್ತಿಗೆ ಮರಿಗಳು ನೀರಿನೊಂದಿಗೆ ಹೊಳೆಗೆ ಇಳಿಯುತ್ತವೆ. ಗದ್ದೆಯ ಅಂಚಿನಲ್ಲಿ ದೊಂದಿ ಹಿಡಿದು ನಾವು ಕಡಿಯುವ ಒಂದು ಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆಗಳಿರುತ್ತವೆ.

ಹಿಂದೆಯೂ ಹಿಡಿಯುತ್ತಿದ್ದರು. ಕೂಣಿ ಒಡ್ಡುತ್ತಿದ್ದರು, ಗಾಳ ಹಾಕುತ್ತಿದ್ದರು, ಬೇಸಿಗೆಯಲ್ಲಿ ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕುವವರೂ ಇದ್ದರು. ಹಿರಿಯರೆಲ್ಲ ಋಷಿಗಳಾಗಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಕೂಣಿಯ ಬಾಯಿಗೆ ಬೀಳುವುದು ಆ ದಾರಿಯಲ್ಲಿ ಬಂದದ್ದಷ್ಟೆ. ಇಡೀ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದರೆ ಮೇಲಿನ ಮನೆಯವರು ಜಗಳಕ್ಕೆ ಬರುತ್ತಿದ್ದರು. ಆ ಜಗಳವೇ ಅಂದಿನ ಮೀನಿನ ಕಾನೂನು. “ಮೊದಲ ನೀರಿನ ಮೀನು ಬಸುರಿ, ಅದನ್ನು ಒಲೆಗೆ ತರಬೇಡಿ” ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮೀನು ಬೇಕೇ ಬೇಕು ಎನ್ನುವವರೂ ಅವರೇ. ಭಾದ್ರಪದದ ಎಡೆಗೆ ಮೀನು ಬೇಕಾದರೆ ಜ್ಯೇಷ್ಠದಲ್ಲಿ ಅದನ್ನು ಬಿಡಬೇಕು ಎಂಬ ಲೆಕ್ಕ ಅವರಿಗಿತ್ತು.

ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ನಾವು ನಾಲ್ವರು ಗೆಳೆಯರು ಒಂದು ಬೇಸಿಗೆಯಲ್ಲಿ ಹಳ್ಳದ ದೊಡ್ಡ ಗುಂಡಿಗೆ ಬ್ಲೀಚಿಂಗ್ ಪುಡಿ ಸುರಿದೆವು. ಊರಿನ ಬಾವಿಗೆ ಹಾಕಲು ಬಂದಿದ್ದ ಪುಡಿ. ಅರ್ಧ ಗಂಟೆಯಲ್ಲಿ ಮೀನುಗಳು ಮೇಲೆ ಬಂದವು. ಕೊರವ, ಹಾವುಮೀನು, ಹೆಸರಿಲ್ಲದ ಬೆರಳುದ್ದದವು. ನಮಗೆ ಬೇಕಾದದ್ದು ಎರಡು ಬುಟ್ಟಿ. ಉಳಿದದ್ದು ಗುಂಡಿಯ ಮೇಲೆ ಬಿಳಿಯ ಹೊಟ್ಟೆ ತೋರುತ್ತ ತೇಲುತ್ತಿತ್ತು. ಏಡಿಗಳು ನೀರು ಬಿಟ್ಟು ಕಲ್ಲಿನ ಮೇಲೆ ಹತ್ತಿ ಅಲ್ಲಿಯೇ ಸತ್ತವು. ಮೂರನೆಯ ದಿನ ನಾತಕ್ಕೆ ಆ ದಾರಿಯಲ್ಲಿ ನಡೆಯಲಾಗಲಿಲ್ಲ. ಕೆಳಗಿನ ಮನೆಯವರು ದನಗಳಿಗೆ ಆ ನೀರನ್ನೇ ಕುಡಿಸುತ್ತಿದ್ದರು. ಯಾರು ಮಾಡಿದರೆಂದು ಊರಿನಲ್ಲಿ ವಿಚಾರಣೆಯಾದಾಗ ನಾನು ಸುಮ್ಮನಿದ್ದೆ. ಇಂದು ಮೊದಲ ಸಲ ಸಭೆಯಲ್ಲಿ ಹೇಳುತ್ತಿದ್ದೇನೆ. ಅಂದಿನಿಂದ ಆ ಗುಂಡಿಯಲ್ಲಿ ಹಾವುಮೀನನ್ನು ನಾನು ಕಂಡಿಲ್ಲ.

ಇದು ನಮ್ಮ ಊರಿನ ಕತೆ ಮಾತ್ರವಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮತ್ಸ್ಯತೀರ್ಥದ ದೇವರ ಮೀನುಗಳಿಗೇ 1996ರಲ್ಲಿ ವಿಷ ಹಾಕಿದರು. ಸಾವಿರಾರು ಮೀನುಗಳು ಸತ್ತವು. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಅಕ್ಕಿ, ಮಂಡಕ್ಕಿ ಹಾಕಿ ಕೈಮುಗಿಯುವ ನಾವು, ಅದೇ ಹೊಳೆಯ ಇನ್ನೊಂದು ತಿರುವಿನಲ್ಲಿ ತೋಟೆ ಸಿಡಿಸುತ್ತೇವೆ. ನೀರಿನಲ್ಲಿ ಸಿಡಿಮದ್ದು ಹಾಗೂ ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಅಡಿಕೆಗೆ ತಂದ ಮೈಲುತುತ್ತ, ಬ್ಯಾಟರಿಯಿಂದ ಹರಿಸುವ ಕರೆಂಟು, ಇವು ಆ ಹಳೆಯ ಕಾಯಿಲೆಯ ಹೊಸ ರೂಪಗಳು.

ಘಟ್ಟದ ಕೆಳಗಿನವರಿಂದ ನಾವು ಕಲಿಯಬೇಕಾದದ್ದಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನೇ ಜೀವನವಾಗಿರುವವರು ಎರಡು ತಿಂಗಳು ದೋಣಿಯನ್ನು ದಡಕ್ಕೆಳೆದು ಕೂರುತ್ತಾರೆ. ಅದೇ ಎರಡು ತಿಂಗಳಲ್ಲಿ, ಮೀನು ಜೀವನವಲ್ಲದ ನಾವು ಬ್ಯಾಟರಿ ಮತ್ತು ಕತ್ತಿ ಹಿಡಿದು ಹಳ್ಳಕ್ಕೆ ಇಳಿಯುತ್ತೇವೆ.

ಕತ್ತಿಯೊಂದೇ ಕಾರಣವಲ್ಲವೆಂಬುದನ್ನೂ ಸೇರಿಸಬೇಕು. ಮೀನು ಹತ್ತುತ್ತಿದ್ದ ಗದ್ದೆಗಳು ಅಡಿಕೆ ತೋಟಗಳಾಗಿವೆ. ಹಳ್ಳಕ್ಕೆ ಕಟ್ಟಿದ ತಡೆ ಅಣೆಗಳಲ್ಲಿ ಮೀನಿಗೆ ದಾರಿಯಿಲ್ಲ. ರಸ್ತೆಯ ಮೋರಿಯ ಬಾಯಿ ಹಳ್ಳದ ತಳಕ್ಕಿಂತ ಎರಡು ಅಡಿ ಎತ್ತರದಲ್ಲಿದ್ದರೆ ಮೀನು ಅಲ್ಲಿಂದಲೇ ಹಿಂದಿರುಗಬೇಕು. ಮೋರಿ ಹಾಕುವ ದಿನ ಹಳ್ಳವನ್ನು ಬಲ್ಲ ಒಬ್ಬ ಮುದುಕನನ್ನು ಕೇಳಿದ್ದರೆ ಸಾಕಾಗಿತ್ತು. ಆದರೆ ಕೇಳುವ ಸಭೆಗೆ ನಾವೇ ಹೋಗಿರುವುದಿಲ್ಲ.

ರಾಜಕೀಯವೆಂದರೆ

ಜಗಲಿಯ ರಾಜಕೀಯ ಯಾರು ಗೆದ್ದರು, ಯಾರು ಸೋತರು ಎಂಬಲ್ಲಿಗೆ ನಿಲ್ಲುತ್ತದೆ. ಪಶ್ಚಿಮಘಟ್ಟದ ವರದಿಗಳ ವಿಚಾರವನ್ನೇ ನೋಡಿ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಕಸ್ತೂರಿರಂಗನ್ ಸಮಿತಿ 2013ರಲ್ಲಿ ಕೊಟ್ಟಿತು. ಅದರ ಮೇಲೆ ಕೇಂದ್ರ ಸರ್ಕಾರ ಮತ್ತೆ ಮತ್ತೆ ಕರಡು ಅಧಿಸೂಚನೆ ಹೊರಡಿಸಿತು. ಆರನೆಯದು 2024ರ ಜುಲೈನಲ್ಲಿ ಬಂತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರಲ್ಲಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಆ ವರದಿಯನ್ನು ಒಪ್ಪಲಾಗದೆಂದು ತೀರ್ಮಾನಿಸಿತು. ಈ ಎಲ್ಲ ವರ್ಷಗಳಲ್ಲಿ “ಒಕ್ಕಲೆಬ್ಬಿಸುತ್ತಾರೆ” ಎಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳಿದೆವು. ವರದಿಯ ಒಂದು ಪುಟವನ್ನು ಊರಿನಲ್ಲಿ ಕೂತು ಓದಲಿಲ್ಲ. ನಿರ್ಣಯಗಳನ್ನು ಗ್ರಾಮಸಭೆಗಳ ಮುಂದಿಟ್ಟು ಕೆಳಗಿನಿಂದ ಮೇಲಕ್ಕೆ ರೂಪಿಸಬೇಕೆಂದು ಗಾಡ್ಗೀಳರ ಸಮಿತಿಯೇ ಹೇಳಿತ್ತೆಂಬುದು ನಮ್ಮ ಜಗಲಿಗೆ ತಲುಪಲಿಲ್ಲ. ಒಪ್ಪುವುದು, ಬಿಡುವುದು ಊರಿನ ಸ್ವಾತಂತ್ರ್ಯ. ಆದರೆ ಓದದೆ ವಿರೋಧಿಸುವುದೂ ಓದದೆ ಬೆಂಬಲಿಸುವುದೂ ಒಂದೇ. ಎರಡರಲ್ಲೂ ನಮ್ಮ ಬಾಯಿಂದ ಮಾತನಾಡುವವರು ಬೇರೆಯವರು.

ಅರಣ್ಯ ಹಕ್ಕು ಕಾಯಿದೆಯ 5ನೆಯ ಕಲಮು ಕಾಡು, ವನ್ಯಜೀವಿ, ಜಲಾನಯನ ಮತ್ತು ನೀರಿನ ಮೂಲಗಳನ್ನು ರಕ್ಷಿಸುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲೆ ಬರೆಯುವುದು ಅದರ ಕೆಲಸ. ಅಧಿಕಾರ ಕಾಗದದಲ್ಲಿದೆ. ಅದನ್ನು ಬಳಸುವವರು ಸಭೆಗೆ ಬರಬೇಕಾಗಿದೆ.

ಆದ್ದರಿಂದ ಈ ಮಳೆಗಾಲಕ್ಕೆ ಮುನ್ನ ಮೂರು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು ವಿದ್ಯಾರ್ಥಿಗಳಿಗೆ. ನಿಮ್ಮ ಮನೆಯ ಹಿರಿಯರ ಬಳಿ ಕುಳಿತು ವಂಶಾವಳಿಯನ್ನು ಬರೆಯಿರಿ. ಅಜ್ಜಿಯ ಹೆಸರು, ಅಜ್ಜಿಯ ತವರು, ಬಿಟ್ಟು ಬಂದ ಊರು, ಬಾವಿ, ಬನ, ಸ್ಮಶಾನ ಎಲ್ಲವೂ ಅದರಲ್ಲಿರಲಿ. ಜೊತೆಗೆ ಅವರು ಬಲ್ಲ ಮೀನುಗಳ ಹೆಸರು, ಅವು ಹತ್ತುತ್ತಿದ್ದ ಹಳ್ಳದ ಹೆಸರನ್ನೂ ಬರೆಯಿರಿ. ಬರೆದದ್ದನ್ನು ಓದಿ ಹೇಳಿ ಅವರ ಸಹಿ ಪಡೆಯಿರಿ. ಎರಡನೆಯದು ಊರಿಗೆ. ತೋಟೆ, ವಿಷ, ಕರೆಂಟು ಮತ್ತು ಉರುಳು ಬೇಡವೆಂದೂ, ಮೊದಲ ನೀರಿನ ಮೀನಿಗೆ ಗದ್ದೆಯ ದಾರಿ ಬಿಡುವುದೆಂದೂ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ನಡವಳಿ ಪುಸ್ತಕದಲ್ಲಿ ಬರೆಸೋಣ. ಮೂರನೆಯದು ಅರ್ಜಿ ತಿರಸ್ಕೃತವಾದವರಿಗೆ. ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೇಳಿ, ಒಬ್ಬೊಬ್ಬರಾಗಿ ಅಲೆಯದೆ ಒಟ್ಟಾಗಿ ಮೇಲ್ಮನವಿ ಸಲ್ಲಿಸೋಣ. ನಮ್ಮ ಪಟ್ಟಿಯಲ್ಲಿ ಮೂಲದವರೂ ಮುಳುಗಡೆಯವರೂ ಕೂಲಿಗೆ ಬಂದು ನೆಲೆಸಿದವರೂ ಒಂದೇ ಹಾಳೆಯಲ್ಲಿರಲಿ.

ಈ ನಿರ್ಣಯಗಳಿಂದ ಹಕ್ಕುಪತ್ರ ನಾಳೆಯೇ ಬರುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಆದರೆ “ಕಾಡನ್ನು ಅವಲಂಬಿಸಿ ಬದುಕಿದವರು ನಾವು” ಎಂದು ಕಚೇರಿಯ ಮುಂದೆ ನಿಂತು ಹೇಳುವಾಗ, ನಾವು ಸಾಯಿಸಿದ ಹಳ್ಳ ಬೆನ್ನ ಹಿಂದೆ ನಾರುತ್ತಿದ್ದರೆ ಆ ಮಾತಿಗೆ ಬಲವಿರುವುದಿಲ್ಲ. ಆ ಹಳ್ಳವನ್ನು ಸಾಯಿಸಿದವರಲ್ಲಿ ಒಬ್ಬನಾಗಿ ನಾನಿದನ್ನು ಹೇಳುತ್ತಿದ್ದೇನೆ.

ಇನ್ನು 75 ವರ್ಷಗಳ ನಂತರ ನಮ್ಮ ಮೊಮ್ಮಕ್ಕಳ ಮಕ್ಕಳು ಯಾವುದೋ ಅರ್ಜಿಗೆ ಸಾಕ್ಷಿ ಹುಡುಕಬೇಕಾಗಿ ಬಂದೀತು. ಆಗ ಅವರಿಗೆ ಸಿಗುವ ಕಾಗದದಲ್ಲಿ ನಮ್ಮ ಊರಿನ ಗ್ರಾಮಸಭೆಯ ಈ ವರ್ಷದ ನಡವಳಿಯೂ ಒಂದಾಗಿರಲಿ. ಅದರಲ್ಲಿ ಹೆಣ್ಣುಮಕ್ಕಳ ಸಹಿಗಳೂ ಇರಲಿ. ಆ ಕಾಗದ ಓದುವ ಹೊತ್ತಿಗೆ ಹೊರಗೆ ಆರಿದ್ರಾ ಮಳೆ ಸುರಿಯುತ್ತಿದ್ದು, ಹಳ್ಳದಲ್ಲಿ ಮೀನು ಹತ್ತುತ್ತಿರಲಿ.